ಫ್ಲ್ಯಾಶ್ ಬೀಳದ ಫೋಟೋ

“ಕ್ಯಾಮೆರಾ ಕೆಳಗಿಡಿ. ಅದು ನಂದು.”

ಸ್ಟುಡಿಯೋ ಬಾಗಿಲಲ್ಲೇ ನಿಂತು ಅವಳು ಗದರಿದರೂ ಆ ಅಪರಿಚಿತ ಬೆಚ್ಚಲಿಲ್ಲ. ಕ್ಯಾಮೆರಾದ ಚಕ್ರವನ್ನು ಆಟೋದಿಂದ ಮ್ಯಾನ್ಯುಯಲ್‌ಗೆ ತಿರುಗಿಸಿ, ಕಿಟಕಿಯತ್ತ ಹಿಡಿದು ನೋಡಿ, ಆಮೇಲೆ ಮೇಜಿನ ಮೇಲಿಟ್ಟ.

“ನಿಮ್ಮಪ್ಪ ಕೆಲಸಕ್ಕೆ ಬಾ ಅಂದ್ರು,” ಎಂದ. ಅಷ್ಟೇ!

ಅಪ್ಪ ತನಗೊಂದು ಮಾತೂ ಹೇಳದೆ...?

ಅಪ್ಪನ ಕೈ ನಡುಗಲು ಶುರುವಾಗಿತ್ತು. ಸ್ಟುಡಿಯೋ ಇನ್ನು ಯಾರ ಕೈಗೆ ಎಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ. ಈ ಬಣ್ಣದ ಪರದೆಗಳ ನಡುವೆಯೇ ಅಂಬೆಗಾಲಿಟ್ಟವಳು ಅವಳು. ಆದರೂ ಅಪ್ಪನಿಗೆ ಅವಳೆಂದರೆ ‘ಆಟೋ ರಾಣಿ’! ಬೆಳಕಿನ ಲೆಕ್ಕವನ್ನೆಲ್ಲ ಕ್ಯಾಮೆರಾಕ್ಕೇ ಬಿಟ್ಟು ಬಟನ್ ಒತ್ತುವವಳು ಎಂದು ಛೇಡಿಸುತ್ತಿದ್ದರು.

ಈಗ ಈ ಗುಮ್ಮನಗುಸುಕ ಬಂದು ವಕ್ಕರಿಸಿದ್ದಾನೆ. ಮಾತಿಲ್ಲ, ಕತೆಯಿಲ್ಲ. ಇವನಿಗೆ ಬೇಕಾಗಿರುವುದು ಕೆಲಸವೋ, ಅಪ್ಪನ ಕುರ್ಚಿಯೋ?

ಒಮ್ಮೆ ಕಿಟಕಿಯ ಮುಂದೆ ಕೂರಿಸಿ ಅವಳು ತೆಗೆದ ದಂಪತಿಯ ಮುಖಗಳು ಮಸಿ ಬಳಿದಂತೆ ಬಂದವು.

“ಕ್ಯಾಮೆರಾಗೆ ಕಿಟಕಿನೂ ಒಂದೇ, ಮುಖನೂ ಒಂದೇ,” ಎಂದ ಅವನು ಮೆಲ್ಲಗೆ. “ಯಾರು ಕಾಣಬೇಕು ಅಂತ ನೀವೇ ಹೇಳ್ಬೇಕು.”

ಬೆಳಕು ಕಡಿಮೆಯಿದ್ದರೆ ಅದನ್ನು ಒಳಬಿಡುವ ಶಟರ್ ಹೆಚ್ಚು ಹೊತ್ತು ತೆರೆದಿರಬೇಕು, ಬಿಸಿಲಿಗೆ ಬಂದರೆ ಬೇಗ ಮುಚ್ಚಬೇಕು ಎಂದೂ ವಿವರಿಸಿದ. ಅವಳು ಮುಖ ತಿರುಗಿಸಿಕೊಂಡಳು. ಕಿವಿ ಮಾತ್ರ ಎಲ್ಲವನ್ನೂ ಕೇಳಿಸಿಕೊಂಡಿತು.

ಅಷ್ಟರಲ್ಲಿ ಅಪ್ಪ ಒಂದು ಮದುವೆಯ ಕೆಲಸವನ್ನು ಪೂರ್ತಿ ಅವಳಿಗೇ ವಹಿಸಿದರು. ಚೆನ್ನಾಗಿ ಮಾಡಿದರೆ ಸ್ಟುಡಿಯೋ ಅವಳದು, ಕೆಡಿಸಿದರೆ ಅವನು ನೋಡಿಕೊಳ್ಳುತ್ತಾನೆ ಎಂದುಬಿಟ್ಟರು.

ಮದುವೆಯ ಹಿಂದಿನ ಸಂಜೆ ಅವನು ಅವಳ ಕ್ಯಾಮೆರಾ ಬ್ಯಾಗನ್ನು ಎತ್ತಿಕೊಂಡು ಸದ್ದಿಲ್ಲದೆ ಹಿಂದಿನ ಕೋಣೆ ಸೇರಿದ. ಪುಣ್ಯಕ್ಕೆ ಕ್ಯಾಮೆರಾ ಅವಳ ಕೈಯಲ್ಲೇ ಇತ್ತು. ಇಲ್ಲೇನೋ ಮಸಲತ್ತಿದೆ... ಅಪ್ಪನಿಗೆ ಸಾಕ್ಷಿ ತೋರಿಸಲೇಬೇಕು!

ಆಟೋದಲ್ಲಿಟ್ಟರೆ ಆ ಕೋಣೆಯ ಮಬ್ಬಿಗೆ ಫ್ಲ್ಯಾಶ್ ತಾನಾಗಿಯೇ ಬೀಳುತ್ತದೆ, ಅವನಿಗೆ ಗೊತ್ತಾಗುತ್ತದೆ. ಅವಳು ಚಕ್ರವನ್ನು ಮ್ಯಾನ್ಯುಯಲ್‌ಗೆ ತಿರುಗಿಸಿದಳು. ಅವನೇ ಹೇಳಿದಂತೆ ಶಟರ್ ನಿಧಾನ ಮಾಡಿ, ಬಾಗಿಲ ಸಂದಿಯಿಂದ ಒಂದು ಫೋಟೋ ಹೊಡೆದಳು. ಒಳಗೆ ಕುರ್ಚಿ ಸರಿದ ಸದ್ದಾಯಿತು. ಫೋಟೋ ನೋಡದೆಯೇ ಎದ್ದೆನೋ ಬಿದ್ದೆನೋ ಎಂದು ಓಡಿದಳು.

ಮರುದಿನ ಮದುವೆಯ ಗಡಿಬಿಡಿಯಲ್ಲಿ ಅದೆಲ್ಲ ಮರೆತೇಹೋಯಿತು.

ಮದುವೆ ನಡೆದದ್ದು ತೋಟದಲ್ಲಿ, ಸುಡುಬಿಸಿಲಲ್ಲಿ. ಆ ಬೆಳಕಿಗೆ ಕ್ಯಾಮೆರಾದ ಪರದೆ ಕಾಣುವಂತಿರಲಿಲ್ಲ, ನೋಡುವ ಅಭ್ಯಾಸವೂ ಅವಳಿಗಿರಲಿಲ್ಲ. ಸಂಜೆ ಸ್ಟುಡಿಯೋದಲ್ಲಿ ಅವನು ಕಾರ್ಡನ್ನು ಕಂಪ್ಯೂಟರ್‌ಗೆ ಹಾಕಿ ಮೊದಲು ತಾನೊಬ್ಬನೇ ನೋಡಿದ. ಆಮೇಲೆ ಅಪ್ಪನಿಗೆ ತೋರಿಸಿದ. ವಧುವಿಲ್ಲ, ವರನಿಲ್ಲ. ಎಲ್ಲವೂ ಸುಣ್ಣ ಬಳಿದ ಗೋಡೆ!

ಮೊದಲ ದಿನ ಚಕ್ರ ತಿರುಗಿಸುತ್ತಿದ್ದ ಆ ಕೈ ಕಣ್ಣಮುಂದೆ ಬಂತು.

“ನನ್ನ ಕ್ಯಾಮೆರಾ ಯಾರು ಮುಟ್ಟಿದ್ರು ಅಂತ ಇವರನ್ನೇ ಕೇಳಿ, ಅಪ್ಪ.”

ಅವನು ಒಂದು ಕ್ಷಣ ಅವಳನ್ನೇ ನೋಡಿದ. “ಚಕ್ರ ನಾನೇ ತಿರುಗಿಸಿದ್ದು,” ಎಂದ.

ಅಪ್ಪ ಅವನನ್ನು ನಿಂತ ಕಾಲಲ್ಲೇ ಕಳಿಸಿಬಿಟ್ಟರು. ಅವಳು ಅಂದುಕೊಂಡದ್ದೇ ಆಯಿತು. ಆದರೂ ಮನಸ್ಸಿಗೆ ನೆಮ್ಮದಿಯಿಲ್ಲ. ಕಳ್ಳ ಇಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾನಾ...?

ಕಂಪ್ಯೂಟರ್ ಮುಂದೆ ಕೂತು ಬಿಳಿ ಫೋಟೋಗಳನ್ನು ಹಿಂದಕ್ಕೆ, ಇನ್ನೂ ಹಿಂದಕ್ಕೆ ಸರಿಸಿದಳು. ಅವೆಲ್ಲಕ್ಕಿಂತ ಮೊದಲು ಅವನ ಫೋಟೋ ಇತ್ತು.

ಮಂದ ದೀಪದಲ್ಲೂ ಮುಖ ಸ್ಪಷ್ಟವಾಗಿ ಬಂದಿತ್ತು. ತೊಡೆಯ ಮೇಲೆ ಅವಳ ಬ್ಯಾಗು, ಕೈಯಲ್ಲಿ ಸೂಜಿ ದಾರ. ಬ್ಯಾಗಿನ ಹರಿದಿದ್ದ ಹೆಗಲಪಟ್ಟಿಯನ್ನು ಹೊಲಿಯುತ್ತಿದ್ದ. ಅದನ್ನು ಅಪ್ಪ ಹೊಲಿಸಿದ್ದಾರೆ ಎಂದುಕೊಂಡು ಅವಳು ದಿನವಿಡೀ ಹೆಗಲಿಗೆ ಹಾಕಿಕೊಂಡು ಓಡಾಡಿದ್ದಳು!

ಚಕ್ರ ತಿರುಗಿಸಿದ್ದು ತಾನೇ, ಮತ್ತೆ ಆಟೋಗೆ ತಿರುಗಿಸದೆ ಬಿಸಿಲಿಗೆ ಹೋದದ್ದೂ ತಾನೇ. ಈ ಫೋಟೋವನ್ನು ಅವನು ಎಲ್ಲರಿಗಿಂತ ಮೊದಲೇ ನೋಡಿದ್ದ. ನೋಡಿಯೂ ಸುಮ್ಮನಿದ್ದ. ಅವಳ ಕಣ್ಣು ತುಂಬಿಬಂತು.

ನಿಜ ಹೇಳಿದರೆ ಸ್ಟುಡಿಯೋ ಕೈತಪ್ಪುತ್ತದೆ. ಹೇಳದಿದ್ದರೆ ಅವನು. ಅವಳು ಅಪ್ಪನನ್ನು ಕರೆದು ಎಲ್ಲವನ್ನೂ ಒಪ್ಪಿಸಿದಳು.

ಅಪ್ಪ ಬಹಳ ಹೊತ್ತು ಆ ಫೋಟೋವನ್ನೇ ನೋಡಿದರು.

“ಇದು ಆಟೋದಲ್ಲಿ ಬರೋ ಫೋಟೋ ಅಲ್ಲ. ನೀನೇ ತೆಗ್ದಿದ್ದಾ?”

ಅವಳು ಹೌದೆಂದು ತಲೆಯಾಡಿಸಿದಳು. ಮದುವೆಮನೆಯವರ ಕಾಲಿಗೆ ಬಿದ್ದಾದರೂ ಫೋಟೋ ಮತ್ತೆ ತೆಗೆಯಲು ಇನ್ನೊಂದು ದಿನ ಕೇಳುತ್ತೇನೆ ಎಂದರು ಅಪ್ಪ. ನಡುಗುವ ಕೈಯಿಂದ ಸ್ಟುಡಿಯೋದ ಬೀಗದಕೈಯನ್ನು ಅವಳ ಅಂಗೈಗಿಟ್ಟರು. “ಹೋಗಿ ಅವನನ್ನ ಕರ್ಕೊಂಡು ಬಾ. ನಾಳೆಯಿಂದ ಬಾಗಿಲು ನೀನೇ ತೆಗಿ.”

ಬಸ್ ಸ್ಟಾಪಿನಲ್ಲಿ ಅವನು ಮುಳುಗುವ ಸೂರ್ಯನಿಗೆ ಬೆನ್ನು ಹಾಕಿ ಕೂತಿದ್ದ. ಅವಳು ಏದುಸಿರು ಬಿಡುತ್ತ ಎದುರಿಗೆ ನಿಂತಳು.

“ಯಾಕೆ ಸುಳ್ಳು ಹೇಳಿದ್ರಿ?”

“ಸ್ಟುಡಿಯೋ ನಿಮ್ಮ ಕೈಬಿಟ್ಟು ಹೋಗಬಾರ್ದು ಅನ್ನಿಸ್ತು. ಅಲ್ಲದೆ, ನೀವು ಕದ್ದು ನನ್ನ ಫೋಟೋ ತೆಗ್ದಿದ್ದು ನಿಮ್ಮಪ್ಪಂಗೆ ಗೊತ್ತಾಗ್ತಿತ್ತಲ್ಲ!”

“ಕಳ್ಳನ್ನ ಹಿಡಿಯೋಕೆ ತೆಗ್ದಿದ್ದು...”

“ಸಿಕ್ಕಿಬಿದ್ದೆ ಬಿಡಿ.”

ಅವಳಿಗೆ ಅಳುವಿನ ನಡುವೆಯೇ ನಗು ಬಂತು. “ಬನ್ನಿ ಹೋಗೋಣ. ಕೆಲಸಕ್ಕಲ್ಲ... ನನಗೆ ನೀವು ಬೇಕು.”

ಅವನು ಕೂತೇ ಇದ್ದ. ಅವಳು ಕೊರಳಲ್ಲಿದ್ದ ಕ್ಯಾಮೆರಾ ಎತ್ತಿ, ಶಟರ್ ಒಂದಿಷ್ಟು ನಿಧಾನ ಮಾಡಿದಳು.

“ಹಿಂದೆ ಬಿಸಿಲಿದೆ,” ಎಂದ ಅವನು. “ಹಾಗೆ ಮಾಡಿದ್ರೆ ಆಕಾಶವೆಲ್ಲ ಬೆಳ್ಳಗಾಗಿ ಹೋಗುತ್ತೆ.”

“ಹೋದ್ರೆ ಹೋಗ್ಲಿ. ಯಾರು ಕಾಣಬೇಕು ಅಂತ ನನಗೆ ಗೊತ್ತು.”