ಹತ್ತೂರ ಕಾರಿನ ಬ್ರೇಕು

ದಿನಾಂಕ 10-03-2025, ಸೋಮವಾರ, ಬೆಳಿಗ್ಗೆ 10 ಗಂಟೆ 20 ನಿಮಿಷಕ್ಕೆ ಅಳವಂಡಿಯ ಅಂಗನವಾಡಿ ಸಹಾಯಕಿ ಹುಲಿಗವ್ವ ಠಾಣೆಗೆ ಬಂದಳು. ಮನೆಯ ಅಂಗಳದಲ್ಲಿ ನಿಲ್ಲಿಸಿದ್ದ ಕಾರಿನಿಂದ ಒಂದು ಸಾಮಾನು ಕಳುವಾಗಿದೆ ಎಂಬುದು ಅವಳ ದೂರು. ಕಾರು ನಾಲ್ಕು ತಿಂಗಳ ಹಿಂದೆ ಅಪಘಾತದಲ್ಲಿ ನುಜ್ಜುಗುಜ್ಜಾದದ್ದು. ಗುಜರಿಯವರೂ ಮೂಸಿ ನೋಡದ ಕಾರಿನಿಂದ ಕದಿಯುವುದೇನಿದೆ ಎಂದು ಠಾಣೆಯ ಬರಹಗಾರ ನಕ್ಕ. ನಗುವಂಥದ್ದೇ ಬಿಡಿ. ಆದರೆ ಪಿಎಸ್‌ಐ ರೇಣುಕಾದೇವಿ ನಗಲಿಲ್ಲ.

"ಏನ್ ಹೋಗೈತಿ?"

"ಬ್ರೇಕಿನ ಸಿಲಿಂಡರ್ರಿ."

"ಯಾವಾಗ?"

"ನಿನ್ನೆ ಮಧ್ಯಾಹ್ನರಿ. ಬಸರಿ ತಂಗಿ ಕುಬಸಕ್ಕ ಕುಷ್ಟಗಿಗೆ ಹೋಗಿದ್ನಿ. ಸಂಜಿ ಐದಕ್ಕ ಬಂದು ನೋಡಿದ್ರ ಬಾನೆಟ್ ಎತ್ತಿತ್ತು."

"ಬ್ಯಾಟರಿ?"

"ಐತ್ರಿ. ಗಾಲಿನೂ ಅದಾವು. ಬರೂ ಶುಕ್ರವಾರ ಸಾಹೇಬ್ರು ಬಂದು ಏನ್ ನೋಡಬೇಕಾಗಿತ್ತು, ಅದೊಂದ ಇಲ್ಲ."

ಹುಲಿಗವ್ವನ ಗಂಡ ಗಾಳೆಪ್ಪ ಗಿಣಿಗೇರಾದ ಉಕ್ಕಿನ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸಗಾರನಾಗಿದ್ದ. ಕಳೆದ ನವೆಂಬರ್ 6ರಂದು ಪಾಳಿ ಮುಗಿಸಿ ಬೆಳಿಗ್ಗೆ ಏಳೂವರೆಗೆ ಮನೆಗೆ ಬರುವಾಗ ಅವನ ಕಾರು, ನಿಂತಿದ್ದ ಲಾರಿಯ ಹಿಂಭಾಗಕ್ಕೆ ಗುದ್ದಿತು. ಅವನು ಸ್ಥಳದಲ್ಲೇ ತೀರಿಕೊಂಡ. ಪಕ್ಕದಲ್ಲಿ ಕೂತಿದ್ದ ಅದೇ ಓಣಿಯ ದುರಗೇಶ ಬಲಗಾಲು ಕಳೆದುಕೊಂಡ. ರಸ್ತೆಯ ಮೇಲೆ ಟೈರು ಉಜ್ಜಿದ ಗುರುತು ಇರಲಿಲ್ಲ. ಮುಂಭಾಗ ಪೂರ್ತಿ ಜಖಂ ಆಗಿದ್ದರಿಂದ ಬ್ರೇಕ್ ಪರೀಕ್ಷೆ ಸಾಧ್ಯವಾಗಿಲ್ಲ ಎಂದು ವಾಹನ ನಿರೀಕ್ಷಕರು ಬರೆದರು. ಗಾಳೆಪ್ಪ ಸ್ಟೇರಿಂಗ್ ಮೇಲೆ ಮಲಗಿಬಿಟ್ಟ, ಪಾಪ ದುರಗೇಶನ ಕಾಲು ತೆಗೆದ ಎಂದು ಊರು ತೀರ್ಪು ಕೊಟ್ಟಿತು. ಕಡತವೂ ಅದನ್ನೇ ಹೇಳಿ ಮುಚ್ಚಿಕೊಂಡಿತು.

ಹುಲಿಗವ್ವ ಒಪ್ಪಲಿಲ್ಲ. ನನ್ನ ಗಂಡ ಮಲಗಿರಲಿಲ್ಲ ಎಂಬ ಒಂದೇ ಮಾತು ಹಿಡಿದು ಕಂಡಕಂಡ ಕಚೇರಿ ಅಲೆದಳು. ಕೊನೆಗೆ ಕೋರ್ಟಿನಿಂದ ಆದೇಶ ತಂದಳು. ಮಾರ್ಚ್ 14ರ ಶುಕ್ರವಾರ ವಾಹನ ನಿರೀಕ್ಷಕರು ಬಂದು ಬ್ರೇಕಿನ ಮಾಸ್ಟರ್ ಸಿಲಿಂಡರ್ ಬಿಚ್ಚಿ ನೋಡಬೇಕಿತ್ತು. ಪೆಡಲ್ ಒತ್ತಿದಾಗ ಎಣ್ಣೆಯನ್ನು ನಾಲ್ಕು ಗಾಲಿಗೆ ದಬ್ಬುವ ಭಾಗವದು. ಅದಕ್ಕೆ ಐದು ದಿನ ಮುಂಚೆ ಅದೇ ಮಾಯವಾಗಿತ್ತು.

ರೇಣುಕಾದೇವಿ ಎಫ್‌ಐಆರ್ ದಾಖಲಿಸಿ ಮಧ್ಯಾಹ್ನ 12-15ಕ್ಕೆ ಅಳವಂಡಿಗೆ ಹೋದರು. ಜೊತೆಗೆ ಹೆಡ್ ಕಾನ್‌ಸ್ಟೆಬಲ್ ಪಕ್ಕೀರಪ್ಪ. ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ಶುರುವಾಯಿತು. 2003ನೇ ಮಾಡೆಲ್ಲಿನ ಬಿಳಿ ಬಣ್ಣದ ಚಿಕ್ಕ ಕಾರು ಎಂದು ಬರೆಯಹೊರಟ ಪಕ್ಕೀರಪ್ಪ ಪೆನ್ನು ನಿಲ್ಲಿಸಿದ. ಎಡಗಡೆಯ ಬಾಗಿಲು ಹಸಿರು ಬಣ್ಣದ್ದಿತ್ತು.

"ಅದು ಗಂಗಾವತಿ ಗುಜರಿಯಾಗ ಸಿಕ್ಕಿದ್ರಿ" ಎಂದಳು ಹುಲಿಗವ್ವ. "ಕಾರು ಕಾರಟಗಿಯಾಗ ಒಂದು ರೈಸ್‌ಮಿಲ್‌ನ್ಯಾಗ ಮೂಲಿಗೆ ಬಿದ್ದಿತ್ತು. ಸೀಟು ಯಲಬುರ್ಗಾದ್ದು. ರೇಡಿಯೇಟರ್ ಕುಷ್ಟಗಿದು. ಆರು ತಿಂಗಳ ಕೂತು ರಿಪೇರಿ ಮಾಡ್ಯಾನ ನನ್ನ ಗಂಡ. ಓಣಿ ಮಂದಿ ಹತ್ತೂರ ಕಾರು ಅಂತ ನಗತಿದ್ರು. ಆಂವನೂ ನಗತಿದ್ದ."

"ಒಬ್ಬನ ಮಾಡಿದ್ನೇನು?"

"ಇಲ್ರಿ. ಗಿಣಿಗೇರಾದಾಗ ಗ್ಯಾರೇಜ್ ಇಟ್ಟಾನಲ್ರಿ ಹನುಮೇಶ ಮಿಸ್ತ್ರಿ, ಆಂವನ ಜೋಡಿ ಕೂಡಿ ಮಾಡಿದ್ದು. ಇಬ್ರೂ ಸಾಲಿಯಿಂದ ದೋಸ್ತರು."

ಪಕ್ಕೀರಪ್ಪ ಬಾನೆಟ್ಟಿನೊಳಗೆ ತಲೆ ಹಾಕಿ ಬಹಳ ಹೊತ್ತು ನೋಡಿದ. ಇಪ್ಪತ್ತು ವರ್ಷದ ಹಳೆಯ ಸ್ಕೂಟರನ್ನು ತಾನೇ ಬಿಚ್ಚಿ ಕೂಡಿಸಿ ಓಡಿಸುವ ಆಸಾಮಿ ಅವನು. ಎಲ್ಲಿ ಏನು ನೋಡಬೇಕೆಂಬುದು ಅವನಿಗೆ ಗೊತ್ತಿತ್ತು.

"ಮೇಡಮ್ಮರ, ಇಲ್ಲಿ ನೋಡ್ರಿ. ಸಿಲಿಂಡರ್ ಬಿಚ್ಯಾನ, ಎರಡೂ ನಟ್ಟು ವಾಪಸ್ ಅದರ ಜಾಗಕ್ಕ ಕೈಲೆ ತಿರುವಿ ಹೋಗ್ಯಾನ. ಪೈಪಿನ ಬಾಯಿಗೆ ಅರಬಿ ಚಿಂದಿ ತುರುಕ್ಯಾನ, ಧೂಳ ಹೋಗಬಾರದಂತ."

"ಅಂದ್ರ?"

"ಕಳ್ಳ ನಟ್ಟು ಎಲ್ಲಿ ಬಿದ್ರೂ ನೋಡಂಗಿಲ್ರಿ. ಇದು ಮಿಸ್ತ್ರಿ ಕೈ. ಈ ಕಾರು ಇನ್ನ ಓಡಂಗಿಲ್ಲ ಅಂತ ಗೊತ್ತಿದ್ರೂ ಕೈ ಕೇಳಿಲ್ಲ."

ಮಧ್ಯಾಹ್ನ 1-40ಕ್ಕೆ ದುರಗೇಶನ ಹೇಳಿಕೆ ಪಡೆದರು. ಅವನು ಕಟ್ಟೆಯ ಮೇಲೆ ಊರುಗೋಲು ಪಕ್ಕಕ್ಕಿಟ್ಟು ಕೂತಿದ್ದ. ಅವನ ಮನೆಗೂ ಹುಲಿಗವ್ವನ ಮನೆಗೂ ನವೆಂಬರಿನಿಂದ ಮಾತಿಲ್ಲ.

"ಡಿಕ್ಕಿ ಆಗೂಮುಂದ ಗಾಳೆಪ್ಪ ಎಚ್ಚರ ಇದ್ದನೋ, ಇಲ್ಲೋ?"

"ನಾ ಮಲಗಿದ್ನಿರಿ. ಎಚ್ಚರಾದಾಗ ದವಾಖಾನ್ಯಾಗಿದ್ದೆ."

"ಮತ್ತ ಆಂವ ಮಲಗಿದ್ದ ಅಂತ ಹೆಂಗ ಹೇಳ್ತಿ?"

ದುರಗೇಶ ಊರುಗೋಲನ್ನು ಹತ್ತಿರಕ್ಕೆ ಎಳೆದುಕೊಂಡ. "ಎಲ್ಲಾರೂ ಹಂಗ ಅಂದ್ರುರಿ. ನನಗೂ ಯಾರ ಮ್ಯಾಲರ ಸಿಟ್ಟ ಮಾಡ್ಕೊಬೇಕಾಗಿತ್ತು."

ಮಂಗಳವಾರ ಪಕ್ಕೀರಪ್ಪ ಕೊಪ್ಪಳದ ಮೂರು ಗುಜರಿ ಅಂಗಡಿಗಳನ್ನೂ ಗಂಗಾವತಿಯ ಎರಡನ್ನೂ ಜಾಲಾಡಿದ. ಸಿಲಿಂಡರ್ ಯಾರೂ ಮಾರಲು ತಂದಿರಲಿಲ್ಲ. ಹಿಂದಿರುಗುವ ಮುನ್ನ, ಹಳೆಯ ಕಾರುಗಳ ಬಿಡಿಭಾಗ ಮಾರುವ ರಫೀಯ ಅಂಗಡಿಗೆ ಹೋದ. ಕದ್ದವನು ಮಿಸ್ತ್ರಿಯಾದರೆ ಅದನ್ನು ಎಲ್ಲಿಯಾದರೂ ಕೂಡಿಸಲೇಬೇಕಲ್ಲ ಎಂಬುದು ಅವನ ಲೆಕ್ಕ.

"ಈ ಮಾಡೆಲ್ ಸಿಲಿಂಡರ್‌ಗೆ ರಬ್ಬರ್ ಕಿಟ್ ಯಾರರ ಒಯ್ದಾರೇನ್ರಿ?"

ರಫೀ ಯೋಚಿಸುವ ಗೋಜಿಗೇ ಹೋಗಲಿಲ್ಲ. "ಹೌದು ಸಾಬ್. ವರ್ಷದಾಗ ಇಬ್ರು ಕೇಳಿದ್ರ ಭಾಳ. ನಿನ್ನೆ ಮುಂಜಾನಿ ಅಂಗಡಿ ಬಾಗಲಾ ತೆಗಿಯೂಕಿಂತ ಮುಂಚೆ ಬಂದು ನಿಂತಿದ್ದ. ಗಿಣಿಗೇರಾ ಹನುಮೇಶ."

ಬುಧವಾರ, 12-03-2025, ಮಧ್ಯಾಹ್ನ 3-30. ರೇಣುಕಾದೇವಿ ಮತ್ತು ಪಕ್ಕೀರಪ್ಪ ಪಂಚರೊಂದಿಗೆ ಹನುಮೇಶನ ಗ್ಯಾರೇಜಿಗೆ ಹೋದರು. ತಗಡಿನ ಶೆಡ್ಡು. ಎರಡು ಕಾರು ಬಾಯಿ ತೆರೆದು ನಿಂತಿದ್ದರೂ ಕೆಲಸ ನಡೆದಂತೆ ಕಾಣಲಿಲ್ಲ. ಹನುಮೇಶ ಪೊಲೀಸರನ್ನು ನೋಡಿ ಓಡಲಿಲ್ಲ. ಕೈ ಒರೆಸಿಕೊಂಡು ಎದ್ದು ನಿಂತ.

"ಸಿಲಿಂಡರ್ ಎಲ್ಲೈತಿ?"

ಅವನು ಕಪಾಟಿನಿಂದ ಒಂದು ಬಿಳಿ ಬಟ್ಟೆಯ ಗಂಟು ತೆಗೆದು ಮೇಜಿನ ಮೇಲಿಟ್ಟ. ಒಳಗೆ ಬಿಚ್ಚಿದ ಸಿಲಿಂಡರ್ ಇತ್ತು. ಪಕ್ಕದಲ್ಲಿ ರಫೀಯ ಅಂಗಡಿಯ ಹೊಸ ರಬ್ಬರ್ ಕಿಟ್ಟು, ಪ್ಯಾಕೆಟ್ಟು ಹರಿಯದೆ ಹಾಗೇ ಇತ್ತು.

"ಯಾಕ ತಂದಿ?"

"ಹುಲಿಗವ್ವ ಶುಕ್ರವಾರ ಬಿಚ್ಚಿ ನೋಡ್ತಾರ ಅಂದಿದ್ಲುರಿ. ನಾ ಮೊದಲ ನೋಡಬೇಕಾಗಿತ್ತು."

"ಏನ್ ನೋಡಿದಿ?"

ಹನುಮೇಶ ಸಿಲಿಂಡರಿನ ಒಳಗಿನ ರಬ್ಬರ್ ಕಪ್ಪನ್ನು ಅಂಗೈ ಮೇಲಿಟ್ಟುಕೊಂಡು ತೋರಿಸಿದ. ಎಣ್ಣೆ ಹಿಂದಕ್ಕೆ ಸೋರದಂತೆ ತಡೆಯುವ ಪುಟ್ಟ ಬಿಲ್ಲೆ. ಊದಿ ಮೆತ್ತಗಾಗಿತ್ತು. ಅದರ ಅಂಚು ಒಂದು ಕಡೆ ಪೂರ್ತಿ ಮಗುಚಿತ್ತು.

"ಇದನ್ನ ಪೆಟ್ರೋಲಿಗೆ ಹಾಕಬಾರದ್ರಿ, ಊದತೈತಿ. ಬ್ರೇಕ್ ಆಯಿಲ್‌ನ್ಯಾಗಷ್ಟ ತೊಳಿಬೇಕು. ಹತ್ತು ಮಂದಿಗೆ ಹೇಳಿಕೊಟ್ಟಾಂವ ನಾ. ಅವತ್ತ ನಾಲ್ಕೂರಿನ ಸಾಮಾನು ಬಂದಿದ್ವು. ದೀಪಾವಳಿ ಪಾಡ್ಯಕ್ಕ ಕಾರಿನ ಪೂಜಿ ಆಗಬೇಕು ಅಂತ ಗಾಳೆಪ್ಪ ಗಡಬಡಿ ಮಾಡಿದ. ಎಲ್ಲಾ ಒಂದ ಬುಟ್ಯಾಗ ಹಾಕಿ ಪೆಟ್ರೋಲಿನ್ಯಾಗ ತೊಳದ್ನಿ. ಇದೂ ಅದರಾಗ ಇತ್ತು."

"ಆಮ್ಯಾಲ?"

"ಪೂಜಿ ಆಗಿ ಎರಡು ದಿನಕ್ಕ ಫೋನ್ ಮಾಡಿದ್ದ. ಪೆಡಲ್ ಮೆತ್ತಗಾಗೈತಿ ಅಂದ. ಗಾಳಿ ಹೊಕ್ಕಿರಬೇಕು, ಆಯಿತವಾರ ಬಾ ಅಂದೆ. ಆಯಿತವಾರಕ್ಕ ಆಂವ ಇರಲಿಲ್ಲ."

ಅಷ್ಟು ಹೇಳಿ ಅವನು ಸ್ಟೂಲಿನ ಮೇಲೆ ಕೂತ. ಪಕ್ಕೀರಪ್ಪ ನೀರು ಕೊಟ್ಟ. ಕುಡಿಯಲಿಲ್ಲ.

ರೇಣುಕಾದೇವಿ ಹೊಸ ಕಿಟ್ಟನ್ನು ಕೈಗೆತ್ತಿಕೊಂಡರು. "ಇದನ್ನ ಯಾಕ ತಂದಿದ್ದಿ?"

"ಹೊಸಾ ರಬ್ಬರ್ ಹಾಕಿ ಅಲ್ಲೇ ಕೂಡಿಸಿ ಬಂದ್ರ ಮುಗೀತಿತ್ರಿ. ಬ್ರೇಕ್ ಛಲೋ ಐತಿ ಅಂತ ಸಾಹೇಬ್ರು ಬರಕೊಂಡು ಹೋಗ್ತಿದ್ರು. ಅದಕ್ಕ ತಂದೆ."

"ಹಾಕಲಿಲ್ಲ?"

"ಎರಡು ದಿನ ಮುಂದಿಟ್ಕೊಂಡು ಕುಂತೆ. ಹಾಕಿದ್ರ ಗಾಳೆಪ್ಪ ಮಲಗಿದ್ದ ಅಂತ ನಾನ ಬರದು ಕೊಟ್ಟಂಗ ಆಕ್ಕಿತ್ರಿ. ಕೈ ಬರಲಿಲ್ಲ."

"ಮತ್ತ ಠಾಣೆಗೆ ಬರಬೇಕಾಗಿತ್ತು."

"ಅದಕ್ಕೂ ಕಾಲು ಬರಲಿಲ್ರಿ."

ಸಂಜೆ 4-10ಕ್ಕೆ ಜಪ್ತಿ ಪಂಚನಾಮೆ ಮುಗಿಸಿ ಹನುಮೇಶನನ್ನು ದಸ್ತಗಿರಿ ಮಾಡಲಾಯಿತು.

ಶುಕ್ರವಾರ ವಾಹನ ನಿರೀಕ್ಷಕರು ಠಾಣೆಗೇ ಬಂದರು. ಕಾರಿನಲ್ಲಿ ಉಳಿದಿದ್ದ ಪೈಪುಗಳನ್ನು ನೋಡಿ ಬಂದಿದ್ದರು. ಸಿಲಿಂಡರನ್ನೂ ರಬ್ಬರ್ ಕಪ್ಪನ್ನೂ ಭೂತಗನ್ನಡಿ ಹಿಡಿದು ಪರೀಕ್ಷಿಸಿ, ಬ್ರೇಕ್ ವಿಫಲವಾಗಿತ್ತು ಎಂದು ಸಹಿ ಹಾಕಿದರು. ಹಳೆಯ ಅಪಘಾತದ ಕಡತ ಮತ್ತೆ ತೆರೆಯಲು ಅಷ್ಟು ಸಾಕಿತ್ತು. ಅದರಲ್ಲಿ ಗಾಳೆಪ್ಪನ ಹೆಸರಿದ್ದ ಜಾಗಕ್ಕೆ ಈಗ ಹನುಮೇಶನ ಹೆಸರು ಬರಬೇಕು. ಕಳವಿನ ಪ್ರಕರಣ ಬೇರೆ. ದೋಸ್ತನ ಕಾರು ಕೂಡಿಸಿದವನ ಪಾಲಿಗೆ ಇಂಥದ್ದು ಬರಬಾರದಿತ್ತು ಎಂದು ಪಕ್ಕೀರಪ್ಪನಿಗೆ ಅನ್ನಿಸಿತು. ಅನ್ನಿಸಿದ್ದನ್ನು ಬರೆಯಲು ಕಡತದಲ್ಲಿ ಜಾಗವಿಲ್ಲ.

ಹುಲಿಗವ್ವ ಬೆಳಿಗ್ಗೆಯಿಂದ ಠಾಣೆಯ ಬೆಂಚಿನ ಮೇಲೆ ಕೂತಿದ್ದಳು. ರೇಣುಕಾದೇವಿ ಒಳಗೆ ಕರೆದು ವರದಿ ಓದಿ ಹೇಳಿದರು. ಅವಳಿಗೆ ವರದಿ ಬೇಕಿರಲಿಲ್ಲ.

"ಆಂವ ಬ್ರೇಕ್ ಒತ್ತಿದ್ನೇನ್ರಿ?"

ರೇಣುಕಾದೇವಿ ನಿರೀಕ್ಷಕರ ಮುಖ ನೋಡಿದರು. ನಿರೀಕ್ಷಕರು ಕಪ್ಪಿನ ಮಗುಚಿದ ಅಂಚನ್ನು ಪೆನ್ನಿನ ತುದಿಯಿಂದ ತೋರಿಸಿದರು. "ಮೆತ್ತಗ ಒತ್ತಿದ್ರ ಇದು ಹಿಂಗ ಮಗಚೂದಿಲ್ಲವ್ವ. ಇದ್ದ ಶಕ್ತಿ ಎಲ್ಲಾ ಹಾಕಿ ತುಳದಾನ."

"ಅಂದ್ರ ಎಚ್ಚರ ಇದ್ದ."

"ಇದ್ದ."

ನಾಲ್ಕು ತಿಂಗಳಿಂದ ಯಾರ ಮುಂದೆಯೂ ಅಳದ ಹೆಂಗಸು ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಯಾರೂ ತಡೆಯಲಿಲ್ಲ. ಕಣ್ಣೊರೆಸಿಕೊಂಡು ಎದ್ದವಳು, ಈ ಕಾಗದದ ಒಂದು ಪ್ರತಿ ಕೊಡ್ರಿ, ದುರಗೇಶಗ ತೋರಸ್ತೀನಿ ಎಂದು ಕೇಳಿದಳು. ಪ್ರತಿ ಮಡಿಚಿಕೊಂಡು ಹೊರಗೆ ಬರುವಾಗ, ಪೊಲೀಸ್ ಕಸ್ಟಡಿ ಮುಗಿದು ಮತ್ತೆ ಕೋರ್ಟಿಗೆ ಹಾಜರುಪಡಿಸಲು ಕರೆತಂದಿದ್ದ ಹನುಮೇಶ ಎದುರಾದ. ಅವನು ತಲೆ ಎತ್ತಲಿಲ್ಲ.

"ಬೈಯ್ಯೂದಿಲ್ಲ ಅಂತ ತಿಳಕೋಬ್ಯಾಡ ಹನುಮೇಶ" ಎಂದಳು. "ಬೈತೀನಿ. ಇವತ್ತಲ್ಲ."

ಕಳವಿನ ಉದ್ದೇಶ ಎಂಬ ಜಾಗದಲ್ಲಿ ರೇಣುಕಾದೇವಿ ಹೀಗೆ ಬರೆದರು: ಆರೋಪಿಯು ತನ್ನ ತಪ್ಪನ್ನು ಮುಚ್ಚಲು ಸದರಿ ವಸ್ತುವನ್ನು ಕದ್ದಿದ್ದು, ಮುಚ್ಚಿದರೆ ಅದು ಸತ್ತ ಗೆಳೆಯನ ಮೇಲೆ ಬೀಳುತ್ತದೆಂದು ತಿಳಿದು, ಮುಚ್ಚಲಾಗದೆ ಇಟ್ಟುಕೊಂಡಿರುತ್ತಾನೆ.