ಪಕ್ಕದ ನೂರಾ ಇಪ್ಪತ್ತೆಂಟು

ಬೆಳಗಿನಿಂದ ನಲವತ್ತು ಕಂಪ್ಲೇಂಟು ಕೇಳಿ ಮುಕ್ತಾಳ ಕಿವಿ ಬಿಸಿಯಾಗಿತ್ತು. ಕರೆಂಟು ಹೋಗಿ ಇನ್ವರ್ಟರ್ ಕೂಗುತ್ತಿತ್ತು. ಭಾಲ್ಕಿಯ ಆ ಇಂಟರ್ನೆಟ್ ಆಫೀಸಿಗೆ ಅವಳೇ ಇನ್‌ಚಾರ್ಜ್. ಅಂಥ ಹೊತ್ತಿಗೆ ಬೀದರಿನಿಂದ ಮ್ಯಾನೇಜರ್ ಪ್ರಭಾಕರರ ಫೋನು.

"ಕಮಲನಗರದಾಗ ಹೊಸ ದವಾಖಾನಿಗೆ ಲೈನ್ ಕೊಡಬೇಕವಾ. ಅಡ್ರೆಸ್ ಇಲ್ಲ. ಯಾರ ಹತ್ರ ಖಾಲಿ ಅದಾವ, ಐದರೊಳಗ ಬರದು ಕಳಸು."

ಮನೆಗೊಂದು ನಂಬರಿರುವಂತೆ ಪ್ರತಿ ಕನೆಕ್ಷನ್ನಿಗೂ ಒಂದು ಅಡ್ರೆಸ್. ಕಂಪನಿ ಅವನ್ನು ಗುಂಪುಗುಂಪಾಗಿ ತಾಲೂಕುಗಳಿಗೆ ಹಂಚಿತ್ತು. ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದರೆ ಸಾಕು, ಯಾವ ಗುಂಪು ಖಾಲಿ, ಯಾವುದು ಯಾವುದರ ಜೊತೆ ಕೂಡುತ್ತದೆ ಎಂದು ಹೇಳುವ ಟೂಲ್ ಅವಳ ಬಳಿ ಇತ್ತು. ಬಣ್ಣವಿಲ್ಲ, ಚಿತ್ರವಿಲ್ಲ. ಕೇಳಿದ್ದಕ್ಕಷ್ಟೇ ಉತ್ತರ. ಮೂವತ್ತಾರಾಯಿತು, ಮದುವೆ ಯಾವಾಗ ಎಂದು ಹೆತ್ತ ಆಯಿಯ ಹಾಗೆ ಅದು ಕೇಳುವುದಿಲ್ಲ.

ಉತ್ತರ ಬಂತು: 10.40.6.128/25. ನೂರಾ ಇಪ್ಪತ್ತೆಂಟು ಅಡ್ರೆಸ್, ನಾಲ್ಕು ವರ್ಷದಿಂದ ಖಾಲಿ. ಔರಾದ ತಾಲೂಕಿನದು.

ಮುಕ್ತಾಳಿಗೆ ಸಿಟ್ಟು ಬಂತು. ಔರಾದದ ಇನ್‌ಚಾರ್ಜ್ ಸುಶೀಲಕುಮಾರ ಪ್ರತಿ ತಿಂಗಳು ಬೀದರಿನ ಮೀಟಿಂಗಿನಲ್ಲಿ ಅಡ್ರೆಸ್ ಸಾಲುವುದಿಲ್ಲ ಎಂದು ಗೋಳಾಡುತ್ತಿದ್ದ. ಅದೇ ಮೀಟಿಂಗಿನಲ್ಲಿ ಸಕ್ಕರೆ ಕಡಿಮೆಯ ಚಹಾ ಹುಡುಕಿ ಅವಳ ಮುಂದಿಟ್ಟು, ಅವಳು ಕಣ್ಣೆತ್ತಿದರೆ ಕಿಟಕಿ ನೋಡುವವನೂ ಅವನೇ.

ಫೋನು ಹಚ್ಚಿದಳು. "ಅಲ್ಲಿ ಎಂಟು, ಇಲ್ಲಿ ಹದಿನಾರು ಅಂತ ಚೂರು ಆರಿಸಿ ಕನೆಕ್ಷನ್ ಕೊಡ್ತೀರಿ. ಇಷ್ಟು ದೊಡ್ಡ ಗುಂಪು ಬಚ್ಚಿಟ್ಟೀರಲ್ಲ, ಯಾಕ್ರಿ?"

"ಅದರ ಹಿಂದಿನ ಗುಂಪು ಯಾರದು ನೋಡ್ರಿ."

ನೋಡಿದಳು. ಭಾಲ್ಕಿಯದು. ಎರಡನ್ನೂ ಟೈಪ್ ಮಾಡಿ ಕೂಡಿಸು ಎಂದಳು. ಎರಡು ಸಾಲು ಹೋಗಿ ಒಂದೇ ಸಾಲಾಗಿ ಬಂತು.

"ಭಾಲ್ಕಿ ಬೆಳೀಲಿಕತ್ತದ," ಎಂದ ಅವನು. "ನಾಳಿ ನಿಮಗ ಬೇಕಾದ್ರ ಚೂರು ಆರಿಸ್ಕೊಂತ ಕುಂದ್ರಬಾರದು ಅಂತ ಇಟ್ಟೇನಿ. ಪಕ್ಕದ್ದಿದ್ರಷ್ಟೇ ಕೂಡ್ತದರಿ."

ಅದಕ್ಕಾಗಿ ನಾಲ್ಕು ವರ್ಷ ಅವನೇ ಚೂರು ಆರಿಸಿದ್ದ. ಮುಕ್ತಾ ಕುರ್ಚಿಗೆ ಒರಗಿದಳು.

"ಬಸ್ಸಿನ್ಯಾಗ ಟವೆಲ್ ಹಾಕಿ ಸೀಟ್ ಹಿಡದಂಗ?"

"ಹಂಗೇ ಅಂದ್ಕೊಳ್ರಿ."

"ಬಾಯಿಬಿಟ್ಟು ಹೇಳ್ಲಿಕ್ಕ ಏನಾಗಿತ್ತು?"

"ನಮ್ಮ ಮನಿ ಬುದ್ಧವಿಹಾರದ ಓಣ್ಯಾಗ ಅದರಿ. ಜಾತಿ ಬ್ಯಾರೆ, ನಿಮ್ಮ ಆಯಿ ಒಪ್ತಾರೇನು?"

ಗೋಡೆಯ ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷ. ಭಾಲ್ಕಿಗೇ ಬೇಕು ಎಂದು ಒಂದು ಸಾಲು ಬರೆದರೆ ಪ್ರಭಾಕರರು ಇಲ್ಲವೆನ್ನುತ್ತಿರಲಿಲ್ಲ.

"ಇದನ್ನ ಕಮಲನಗರಕ್ಕ ಬರೀತೇನಿ. ದವಾಖಾನಿ ಅದ."

"ಬರೀರಿ." ದನಿ ಇಳಿದಿತ್ತು.

"ಬ್ಯಾಸರ ಆತೇನ್ರಿ?"

"ಇಲ್ಲ. ಸ್ವಲ್ಪ."

"ಖಾಲಿ ಜಾಗಾ ತಗೊಂಡು ನಾ ಏನು ಮಾಡ್ಲಿ? ಆಯಿಗೆ ನಾ ಹೇಳ್ತೇನಿ. ಸೋಮವಾರ ಮೀಟಿಂಗಿಗೆ ಹ್ಯಾಂಗ ಬರ್ತೀರಿ?"

"ಔರಾದದಿಂದ ಬೀದರಿಗೆ ಸೀದಾ ಬಸ್ಸು ಅದಲ್ರಿ."

"ಹಂಗಾದ್ರ ಸೀದಾನೇ ಹೋಗ್ರಿ," ಎಂದು ಫೋನಿಟ್ಟಳು.

ಸೋಮವಾರ ಭಾಲ್ಕಿ ಬಸ್‌ಸ್ಟ್ಯಾಂಡಿನಲ್ಲಿ ಬೀದರಿನ ಬಸ್ಸು ತುಂಬಿತ್ತು. ಮೂರು ದಿನ ನಿದ್ದೆಗೆಟ್ಟ ಮುಕ್ತಾ ನಿಂತೇ ಹೋಗುವುದೆಂದುಕೊಂಡು ಹತ್ತಿದಳು. ಮೂರನೇ ಸಾಲಿನಲ್ಲಿ, ಸುತ್ತಿ ಬಂದ ದಾರಿಯ ಧೂಳೆಲ್ಲ ತಲೆಗೂದಲಲ್ಲಿಟ್ಟುಕೊಂಡು ಸುಶೀಲಕುಮಾರ. ಪಕ್ಕದ ಸೀಟಿನ ಮೇಲೆ ಚೌಕಳಿ ಟವೆಲ್.

"ಸೀದಾ ಬಸ್ಸು ಸಿಗಲಿಲ್ಲೇನ್ರಿ?"

"ಸಿಕ್ಕಿತ್ತರಿ. ಬಿಟ್ಟೆ."

ಅವಳು ಟವೆಲ್ ಎತ್ತಿ, ನಾಲ್ಕು ಮಡಿಕೆ ಮಾಡಿ ತನ್ನ ಬ್ಯಾಗಿಗೆ ಹಾಕಿಕೊಂಡು ಕುಳಿತಳು. ಬಸ್ಸು ಊರು ದಾಟುವವರೆಗೆ ಅವನು ಕೇಳಲಿಲ್ಲ. ಆಮೇಲೆ ಕೇಳಿದ.

"ಆಯಿ ಏನಂದ್ರು?"

"ಮೂರು ದಿನ ಮಾತೇ ಆಡಿಲ್ಲ." ಮುಕ್ತಾ ಕಣ್ಣು ಮುಚ್ಚಿ ಅವನ ಹೆಗಲಿಗೆ ತಲೆಯಿಟ್ಟಳು. "ಇವತ್ತ ಮುಂಜಾನಿ ಬುತ್ತ್ಯಾಗ ಎರಡು ರೊಟ್ಟಿ ಜಾಸ್ತಿ ಕಟ್ಟ್ಯಾಳ."