ಪುಣೆಯಿಂದ ಆರತಿಗೆ ಬಂದ ಕಾರ್ಡು

ಕಮಲವ್ವ ಚೀಲದಿಂದ ಒಂದು ಕಾರ್ಡನ್ನು ತೆಗೆದು ನಮ್ಮ ದಾಕ್ಷಾಯಿಣಿ ಬಾಯಾರ ಮುಂದಿಟ್ಟರು. ಯುಗಾದಿಯ ಶುಭಾಶಯದ ಕಾರ್ಡು, ಪುಣೆಯ ಮುದ್ರೆ.

"ನನ್ನ ಮಗಳು ಆರತಿಗೆ ಬಂದೈತ್ರಿ," ಎಂದರು. "ಅಕಿ ಸತ್ತು ಮೂರ ವರ್ಷ ಆತು ಅಂತ ಊರ ಮಂದಿ ಹೇಳತಾರ. ಇದರಾಗ ನೋಡಿದ್ರ, ಹ್ವಾದ ತಿಂಗಳ ನೀವು ಮಾಡಿದ ಕೆಲಸ ಭಾಳ ಚಲೋ ಆಗೇತಿ ಅಂತ ಬರದಾರ."

ಇದು 2006ರ ಮಾತು. ದಾಕ್ಷಾಯಿಣಿ ಬಾಯಾರು ಮೂವತ್ತು ವರ್ಷ ಅಂಚೆ ಕಚೇರಿಗಳನ್ನು ನಡೆಸಿ ಅಂಕಲಗಿಗೆ ಬಂದು ನೆಲೆಸಿದವರು. ವಿಳಾಸ ಕೆಟ್ಟ ಕಾಗದವನ್ನು ಹಿಡಿದು ಇದು ಯಾರಿಗೆ ಸೇರಬೇಕಾದದ್ದು ಎಂದು ಪತ್ತೆ ಮಾಡುವುದು ಅವರ ಚಟ. ನಿವೃತ್ತಿಯ ಮೇಲೆ ಜನ ಕಾಗದ ಬಿಟ್ಟು ತಮ್ಮ ಒಗಟುಗಳನ್ನೇ ಹೊತ್ತು ತರತೊಡಗಿದರು. ನಾನು ಲಗಮಪ್ಪ, ಇಪ್ಪತ್ತೆರಡು ವರ್ಷ ಅವರ ಕೈಕೆಳಗೆ ಪೋಸ್ಟಮನ್ ಆಗಿದ್ದೆ. ಪಗಾರ ನಿಂತರೂ ಅವರ ಹಿಂದೆ ತಿರುಗುವುದು ನಿಂತಿಲ್ಲ.

ಕಮಲವ್ವ ಹೇಳಿದ್ದು ಇಷ್ಟು. ಹುಕ್ಕೇರಿ ಹತ್ತಿರದ ಹಳ್ಳಿ ಅವರದು. ಗಂಡ ಭೂಪಾಲ ಮಗದುಮ್, ಸಾಲೆಯಲ್ಲಿ ಮರಾಠಿ ಕಲಿಸಿ ನಿವೃತ್ತರಾದ ಮಾಸ್ತರರು. ಒಬ್ಬಳೇ ಮಗಳು ಆರತಿ ಅಪ್ಪನ ಬಳಿಯೇ ಮರಾಠಿ ಕಲಿತು, ಇಂಟರ್ನೆಟ್ಟಿನ ಮೂಲಕ ಕೆಲಸ ಹಿಡಿದು, ಪುಣೆಯ ಒಂದು ಪ್ರಕಾಶನಕ್ಕೆ ಬಡವರಿಗೆ ಹಂಚುವ ಔಷಧೋಪಚಾರದ ಕಿರುಪತ್ರಿಕೆಗಳನ್ನು ಕನ್ನಡಕ್ಕೆ ತರುತ್ತಿದ್ದಳು. 2003ರ ಮಳೆಗಾಲದಲ್ಲಿ ಗೆಳತಿಯ ಜೊತೆ ಗೋಕಾಕ ಫಾಲ್ಸ್ ನೋಡಲು ಹೋದವಳು ಬಂಡೆಯಿಂದ ಜಾರಿದಳು. ಚಪ್ಪಲಿ ಸಿಕ್ಕಿತು, ಹೆಣ ಸಿಗಲಿಲ್ಲ.

ಕಾರ್ಡು ಬಂದಾಗ ಮಾಸ್ತರರು ಎಲ್ಲಿದ್ದರು ಎಂದು ಬಾಯಾರು ಕೇಳಿದರು. ಹುಕ್ಕೇರಿ ಸಂತೆಗೆ ಹೋಗಿದ್ದರಂತೆ. ಮಾಘದಲ್ಲಿ ಅವರಿಗೆ ಕಣ್ಣಿನ ಆಪರೇಶನ್ ಆಗಿದೆ, ಅದಕ್ಕೇ ಇಷ್ಟು ದೂರ ಕರೆದುಕೊಂಡು ಬರಲಿಲ್ಲ ಎಂದರು. ಮಾತಿನ ನಡುವೆ ಆಕೆಗೆ ಕೆಮ್ಮು. ನಾನು ಬಿಸಿ ನಿಂಬೆ ನೀರಿಗೆ ಜೇನು ಬೆರೆಸಿ ಕೊಡಹೋದೆ. ಕೈ ಅಡ್ಡ ಹಿಡಿದರು.

"ನಾವು ಜೈನರು, ನಮ್ಮ ಮನ್ಯಾಗ ಜೇನ ಬರೂದಿಲ್ರಿ. ಆರತಿ ಹೊರಗ ತಿಂತಿದ್ಲು. ಅವರಪ್ಪ ಭಾಳ ಬೈತಿದ್ರು, ಆ ಹೆಸರ ಸೈತ ಎತ್ತಬ್ಯಾಡ ಅಂತಿದ್ರು."

ಹೊರಡುವ ಮುಂದೆ ಪುಣೆಯ ಟಿಕೆಟ್ ತೋರಿಸಿದರು. ಬರುವ ಅಮಾವಾಸ್ಯೆಯ ಮಾರನೇ ದಿನದ್ದು, ಹನ್ನೆರಡು ದಿನ ಉಳಿದಿತ್ತು. ಮಗಳ ಗಾದಿಯನ್ನು ಬಿಸಿಲಿಗೆ ಹಾಕಿ ತಟ್ಟಿ ಇಟ್ಟಿದ್ದೇನೆ, ಹೊಸ ಬಳೆ ತಂದಿದ್ದೇನೆ ಎಂದರು. ಹಗಲೆಲ್ಲ ಮುಂಬಾಗಿಲು ಮುಚ್ಚುವುದಿಲ್ಲವಂತೆ. "ಅಕಿ ಅದಾಳೋ ಇಲ್ಲೋ, ಅಷ್ಟ ಹೇಳ್ರಿ. ಇಲ್ಲಂದ್ರ ನಾ ಪುಣೇದ ಓಣಿ ಓಣಿ ತಿರಗತೇನಿ."

ಕಾರ್ಡಿನ ಮೇಲೆ ಫೋನ್ ನಂಬರ್ ಇತ್ತು. ಬಾಯಾರು ಎಸ್‌ಟಿಡಿ ಬೂತಿನಿಂದ ಮಾತಾಡಿದರು. ಪ್ರಕಾಶನದ ಹೆಣ್ಣುಮಗಳು ಆರತಿಯನ್ನು ಒಮ್ಮೆಯೂ ಕಂಡವಳಲ್ಲ, ದನಿಯನ್ನೂ ಕೇಳಿದವಳಲ್ಲ. ಐದು ವರ್ಷದಿಂದ ಬರೀ ಇ-ಮೇಲ್. 2003ರ ನಡುವೆ ಒಂದಿಷ್ಟು ತಿಂಗಳು ಕೆಲಸ ನಿಂತಿತ್ತು, ಮತ್ತೆ ಶುರುವಾಯಿತು. ಆಗಿನಿಂದ ವಾರಕ್ಕೊಮ್ಮೆ, ತಪ್ಪದೆ ಅದೇ ದಿನ, ಮಧ್ಯಾಹ್ನದೊಳಗೆ ಬರುತ್ತದೆ. ಆಗಿನಿಂದ ಆರತಿ ಸಂಭಾವನೆಯನ್ನೂ ತೆಗೆದುಕೊಳ್ಳುತ್ತಿಲ್ಲ, ಬಡವರಿಗೆ ಇನ್ನಷ್ಟು ಪ್ರತಿ ಅಚ್ಚು ಹಾಕಿ ಎಂದು ಬರೆದಿದ್ದಾಳೆ. ಈಚೆಗೆ ಐದು ವಾರ ಏನೂ ಬರಲಿಲ್ಲ, ಮಾಘ ಮಾಸದಲ್ಲಿ. ಆರತಿಯ ಹಳೆಯ, ಹೊಸ ಪತ್ರಿಕೆಗಳನ್ನೆಲ್ಲ ಮರಾಠಿ ಮೂಲದ ಸಮೇತ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ಎಂದು ಬಾಯಾರು ಕೇಳಿಕೊಂಡರು.

ಮರುದಿನ ಹುಕ್ಕೇರಿಗೆ ಹೋದೆವು. ಆರತಿ ಕೂರುತ್ತಿದ್ದ ಇಂಟರ್ನೆಟ್ ಅಂಗಡಿ ಬಸ್ ಸ್ಟ್ಯಾಂಡಿನ ಹಿಂದೆ ಇತ್ತು, ಮಾಲೀಕ ಸೋಮಶೇಖರ. ಕೆಲಸ ಬೇಕಾದ ಅನುವಾದಕರು ಇಂಟರ್ನೆಟ್ಟಿನಲ್ಲಿ ಹೆಸರು ಹಾಕುವ ಪಟ್ಟಿಯನ್ನು ತೆರೆದು ತೋರಿಸು ಎಂದಾಗ ಬೇಸರದಿಂದಲೇ ತೆರೆದ. ಆರತಿ ಭೂಪಾಲ ಮಗದುಮ್, ಮರಾಠಿ–ಕನ್ನಡ. ಅದರ ಕೆಳಗೆ, ಕೆಲಸಕ್ಕೆ ಸಿದ್ಧ ಎಂದಿತ್ತು. ಸತ್ತವರ ಹೆಸರಿಗೆ ಬಂದ ಕಾಗದವನ್ನು ‘ವಿಳಾಸದಾರರು ತೀರಿಕೊಂಡಿದ್ದಾರೆ’ ಎಂದು ಷರಾ ಬರೆದು ವಾಪಸು ಕಳಿಸಿದವನು ನಾನು. ಇಲ್ಲಿ ಷರಾ ಬರೆಯುವವರೇ ಇರಲಿಲ್ಲ.

ಈಗ ಈ ಹೆಸರಿನಲ್ಲಿ ಯಾರು ಕೂರುತ್ತಾರೆ ಎಂದು ಬಾಯಾರು ಕೇಳಿದರು. ಗಿರಾಕಿಗಳ ವಿಷಯ ನಾನು ಬಾಯಿ ಬಿಡುವುದಿಲ್ಲ ಎಂದ ಸೋಮಶೇಖರ, ನಮ್ಮ ಮುಖ ನೋಡದೆ ಕೀಲಿಮಣೆ ಒರೆಸುತ್ತ ನಿಂತ. ಕಳ್ಳ ಇವನೇ ಎಂದು ನಾನು ಬಸ್ಸಿನಲ್ಲಿ ತೀರ್ಪು ಕೊಟ್ಟೆ. ಹಣ ಮುಟ್ಟದ ಕಳ್ಳ ಎಂಥವನಪ್ಪಾ ಎಂದು ಬಾಯಾರು ನನ್ನ ತೀರ್ಪನ್ನು ಅಲ್ಲೇ ಇಳಿಸಿದರು.

ಆಮೇಲೆ ಮೂಡಲಗಿಗೆ ಹೋದೆವು. ಫಾಲ್ಸ್‌ನಲ್ಲಿ ಆರತಿಯ ಜೊತೆಗಿದ್ದ ಗೆಳತಿ ಮಯೂರಿ ಮದುವೆಯಾಗಿ ಅಲ್ಲಿದ್ದಳು. ಅವಳದೂ ಜೈನರ ಮನೆ, ಅವಳೂ ಅನುವಾದಕಿ, ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ದಿನವೂ ಕೆಲಸ ಮಾಡುತ್ತಿದ್ದಳು. ಆದರೆ ಇಂಟರ್ನೆಟ್ಟಿನಲ್ಲಿ ಅವಳ ಹೆಸರು ಬೇರೆ. ಖರೆ ಹೆಸರು ಹಾಕಿದಾಗ ಗುರುತಿಲ್ಲದ ಗಂಡಸರು ಏನೇನೋ ಬರೆಯುತ್ತಿದ್ದರು, ಅತ್ತೆಮನೆಗೂ ಸರಿಬರಲಿಲ್ಲ. ಇದಕ್ಕಾಗಿ ಆರತಿ ಅವಳ ಜೊತೆ ಜಗಳವನ್ನೇ ಆಡಿದ್ದಳಂತೆ. ದುಡಿಮೆ ನಂದು ಅಂದ ಮೇಲೆ ಹೆಸರೂ ನಂದೇ ಇರಲಿ ಎನ್ನುವುದು ಆರತಿಯ ಹಟ.

"ಅಕಿ ಬಿದ್ದದ್ದು ನಾ ಕಣ್ಣಾರೆ ನೋಡೇನ್ರಿ," ಎಂದಳು ಮಯೂರಿ. "ಸುಳ್ಳ ಹೆಸರಿನಾಕಿ ನಾ ಉಳದೇನಿ. ಖರೆ ಹೆಸರಿನಾಕಿ ಹ್ವಾದ್ಲು, ಅಕಿ ಹೆಸರ ಅಷ್ಟ ಕುಂತ ಕೆಲಸಾ ಮಾಡಾಕತ್ತೈತಿ. ಆ ಪಟ್ಟಿ ತಗದ್ರ ನನಗ ಅಂಜಿಕಿ ಬರತೈತಿ."

ಎದ್ದು ಬರುವಾಗ ಬಾಯಾರು, ಕಮಲವ್ವ ಜೇನು ಬೇಡವೆಂದದ್ದು ತಲೆಯಲ್ಲಿತ್ತೋ ಏನೋ, ಮರಾಠಿಯ ಔಷಧದಲ್ಲಿ 'ಮಧ' ಎಂದಿದ್ದರೆ ನೀನು ಏನು ಬರೆಯುತ್ತೀಯಮ್ಮ ಎಂದು ಕೇಳಿದರು. ಜೇನುತುಪ್ಪ ಎಂದಳು ಮಯೂರಿ. ತಾನು ತಿನ್ನುವುದಿಲ್ಲ, ಆದರೆ ಇದ್ದದ್ದನ್ನು ಇದ್ದಂತೆ ಬರೆಯದಿದ್ದರೆ ಅನುವಾದ ಯಾಕೆ ಮಾಡಬೇಕು ಎಂದಳು.

ನಾಲ್ಕು ದಿನಕ್ಕೆ ಪುಣೆಯ ಕಟ್ಟು ಬಂತು. ಬಾಯಾರು ಎರಡು ಸಾಲು ಮಾಡಿ ಜೋಡಿಸಿ ಓದಿದರು, ಮತ್ತೆ ಓದಿದರು. ಕನ್ನಡಕ ತೆಗೆದಾಗ ಅವರ ಮುಖ ಸಣ್ಣದಾಗಿತ್ತು. ಯಾರೆಂದು ತಿಳಿಯಿತು, ಆದರೆ ಹೇಳಲೇಬೇಕೇನು ಲಗಮಪ್ಪ ಎಂದರು. ಹೇಳಬೇಡಿ, ತಾಯಿ ನಂಬಿಕೊಂಡೇ ಇರಲಿ ಎಂದೆ ನಾನು. ಹಾಗೆ ಬಿಟ್ಟರೆ ಆಕೆ ಪುಣೆಯಲ್ಲಿ ಕಂಡ ಕಂಡ ಹುಡುಗಿಯರ ಮುಖ ನೋಡುತ್ತ ಆಯುಷ್ಯ ಕಳೆಯುತ್ತಾರೆ ಎಂದರು ಬಾಯಾರು.

ಬಾಯಾರು ಹೇಳಿ ಕಳಿಸಿದಂತೆ ಮುಂದಿನ ಸಂತೆಯ ದಿನ ಬೆಳಿಗ್ಗೆ ಸೋಮಶೇಖರನ ಅಂಗಡಿಯಲ್ಲಿ ಕಮಲವ್ವ, ಮಯೂರಿ ಮತ್ತು ನಾವಿಬ್ಬರು ಕೂತಿದ್ದೆವು. ನಾವು ಇನ್ನೂ ನೀರು ಕುಡಿದು ಮುಗಿಸಿರಲಿಲ್ಲ, ಭೂಪಾಲ ಮಾಸ್ತರರು ಖಾಲಿ ಕೈಚೀಲ ಹಿಡಿದು ಒಳಗೆ ಬಂದರು. ಹೆಂಡತಿಯನ್ನು ಕಂಡು ಬಾಗಿಲಲ್ಲೇ ನಿಂತರು. ಬಾಯಾರು ಎದ್ದು ಅವರಿಗೆ ಕುರ್ಚಿ ಕೊಟ್ಟು, ಮೆಲ್ಲಗೆ ಮಾತು ತೆಗೆದರು.

"ಪುಣೇಕ ಇ-ಮೇಲ್ ಟಪಾಲು ಹೋಗೂ ದಿವಸ ನೋಡಿದೆ. ಬರೀ ಹುಕ್ಕೇರಿ ಸಂತಿ ದಿವಸ. ಪಟ್ಟಣದಾಗ ಇರೋರು ಯಾವಾಗ ಬೇಕಾದ್ರೂ ಕಳಸಬಹುದು, ಮಯೂರಿ ಅಂತೂ ದಿನಾ ಕೂಡತಾಳ. ವಾರಕ್ಕೊಮ್ಮೆ ಬಸ್ಸಿಗೆ ಬರೋರು ಯಾರೋ ಇರಬೇಕು ಅಂದಕೊಂಡೆ. ಐದ ವಾರ ಟಪಾಲು ನಿಂತಿತ್ತು, ಅದು ಮಾಘದಾಗ. ಕಣ್ಣಿನ ಆಪರೇಶನ್ ಯಾರಿಗೆ ಆತು ಅನ್ನೂದು ಕಮಲವ್ವ ತಾವ ಹೇಳಿದ್ರು. ಹಣ ತಗೊಳ್ಳಿಲ್ಲ, ಅಂದ್ರ ಅವರಿಗೆ ಬೇಕಾದದ್ದು ಹಣ ಅಲ್ಲ."

ಆಮೇಲೆ ಪತ್ರಿಕೆಗಳನ್ನು ಮೇಜಿನ ಮೇಲೆ ಹರಡಿದರು. 2003ರ ಮಳೆಗಾಲದ ಹಿಂದಿನ ಎಲ್ಲದರಲ್ಲೂ ಮಕ್ಕಳ ಕೆಮ್ಮಿಗೆ ತುಳಸಿ ರಸ, ಜೇನುತುಪ್ಪ ಎಂದಿತ್ತು. ಆಮೇಲಿನ ಒಂದೊಂದರಲ್ಲೂ ತುಳಸಿ ರಸ, ಬೆಲ್ಲದ ಪಾಕ. ಮರಾಠಿ ಮೂಲದಲ್ಲಿ ಎಲ್ಲ ಕಡೆ ಮಧವೇ. ಆರತಿ ಬದುಕಿದ್ದರೆ ಜೇನು ಎಂದು ಬರೆಯಲು ಹಿಂಜರಿಯುತ್ತಿರಲಿಲ್ಲ, ಮಯೂರಿಯೂ ಹಿಂಜರಿಯುವುದಿಲ್ಲ. ಸೋಮಶೇಖರ ಲಿಂಗಾಯತರವನು, ಜೇನು ಅವನಿಗೆ ವರ್ಜ್ಯವಲ್ಲ, ಮರಾಠಿಯೂ ಬಾರದು. ಇನ್ನೊಬ್ಬರ ಮಕ್ಕಳಿಗೂ ಜೇನು ಕೊಡಿರೆಂದು ಬರೆಯಲು ಯಾರ ಕೈ ಏಳುವುದಿಲ್ಲವೋ ಅವರೇ ಇದನ್ನು ಬರೆದವರು ಎಂದರು ಬಾಯಾರು. ಮಾಸ್ತರರು ತಲೆ ಎತ್ತಲಿಲ್ಲ.

ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿದ್ದರು ಎಂದು ಸೋಮಶೇಖರ ಒಪ್ಪಿಕೊಂಡ. ಆರತಿಯ ಇ-ಮೇಲ್ ತೆರೆದುಕೊಟ್ಟು, ಎರಡು ಬೆರಳಿನಲ್ಲಿ ಟೈಪು ಮಾಡಲು ಮಾಸ್ತರರಿಗೆ ಕಲಿಸಿದವನೂ ಅವನೇ. ಕಳ್ಳ ಎಂದಿದ್ದಕ್ಕೆ ನನಗೆ ನಾಚಿಕೆಯಾಯಿತು.

ಕಮಲವ್ವ ಗಂಡನನ್ನೇ ನೋಡುತ್ತಿದ್ದರು. ಮಾಸ್ತರರು ಕೈಚೀಲವನ್ನು ಮಡಿಚಿ ತೊಡೆಯ ಮೇಲಿಟ್ಟು ಮಾತು ಶುರು ಮಾಡಿದರು.

"ಅಕಿ ಹ್ವಾದ ಮ್ಯಾಲ ಪುಣೇದವರು ಕೇಳಿ ಬರದಿದ್ರು, ಆರತಿ, ಹೆಂಗದೀರಿ ಅಂತ. ಸತ್ತಾಳ ಅಂತ ಬರಿಯಾಕ ಕುಂತೆ, ಆಗಲಿಲ್ಲ. ಚಲೋ ಅದೇನಿ ಅಂತ ಬರದೆ. ನನ್ನ ಹೆಸರಲೆ ಮಾಡಿದ್ರೂ ಕೆಲಸಾ ಸಿಗತಿತ್ತು. ಅಕಿ ಹೆಸರ ಅಳದ ಹೋಗತಿತ್ತು. ವಾರಕ್ಕೊಮ್ಮೆ ಯಾರರೆ ಅಕೀನ್ನ ಹೆಸರ ಹಿಡದ ಕರಿಯೂದು, ಅದೊಂದ ಬೇಕಾಗಿತ್ತು ನನಗ."

ಆ ಕಾರ್ಡು ಬಂದ ಮೇಲೂ ಯಾಕೆ ಹೇಳಲಿಲ್ಲ ಎಂದು ಮಯೂರಿ ಅಳುತ್ತಲೇ ಕೇಳಿದಳು. ಗಾದಿ ಬಿಸಿಲಿಗೆ ಹಾಕುವಾಗ ಇವಳು ನಗುತ್ತಿದ್ದಳು, ಆ ನಗು ನೋಡಿ ಬಾಯಿ ಕಟ್ಟಿತು ಎಂದರು ಮಾಸ್ತರರು. ಅವರ ಮೇಲೆ ನನಗೆ ಸಿಟ್ಟೂ ಬಂತು, ಹಿಡಿದು ತಬ್ಬಿಕೊಳ್ಳಬೇಕೆಂದೂ ಅನಿಸಿತು.

ಕಮಲವ್ವ ಎದ್ದು ಪುಣೆಯ ಟಿಕೆಟನ್ನು ಬಾಯಾರ ಕೈಗೆ ಕೊಟ್ಟರು. ಗಂಡನ ಕುರ್ಚಿಯನ್ನು ತಾವೇ ಕಂಪ್ಯೂಟರಿನ ಮುಂದಕ್ಕೆ ಎಳೆದರು.

"ಅವರಿಗೆ ಈಗ ಬರೀರಿ. ಖರೇದ ಬರೀರಿ. ಕೆಳಗ ನಿಮ್ಮ ಹೆಸರ ಹಾಕ್ರಿ."

ಮಾಸ್ತರರು ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಹೊರಗೆ ಸಂತೆಯ ಗದ್ದಲ ಏರುತ್ತಿತ್ತು, ಒಳಗೆ ಕೀಲಿಮಣೆಯ ಸಪ್ಪಳ. ನನ್ನ ಮಗಳು ಆರತಿ ಮೂರು ವರ್ಷದ ಹಿಂದೆ ತೀರಿಕೊಂಡಳು, ಆಮೇಲಿನ ಕೆಲಸ ನನ್ನದು, ಕ್ಷಮಿಸಿ. ಕೆಳಗೆ ಭೂಪಾಲ ಮಗದುಮ್ ಎಂದು ಬರೆದು ಕೈ ತೆಗೆದರು.

ಜೋರಾಗಿ ಓದಿರಿ ಎಂದರು ಕಮಲವ್ವ. ಅವರು ಓದಿದರು. ಇನ್ನೊಮ್ಮೆ ಎಂದರು. ಎರಡನೆಯ ಸಲ ಮಗಳ ಹೆಸರಿನ ಹತ್ತಿರ ಮಾಸ್ತರರ ದನಿ ನಿಂತಿತು. ಉಳಿದದ್ದನ್ನು ಕಮಲವ್ವ ತಾವೇ ಪರದೆಯ ಮೇಲೆ ಬೆರಳಿಟ್ಟು ಓದಿ ಮುಗಿಸಿದರು, ಆಮೇಲೆ ಗಂಡನ ಹೆಗಲಿಗೆ ತಲೆಯಿಟ್ಟು ಅತ್ತರು. ಮಗಳಿಗಾಗಿ ಅವರು ಅತ್ತದ್ದು ಅದೇ ಮೊದಲು ಎಂದು ಮಾಸ್ತರರು ನನಗೆ ಬಸ್ ಸ್ಟ್ಯಾಂಡಿನಲ್ಲಿ ಹೇಳಿದರು.